ಅಲಗು ಮತ್ತು ಅಲಂಕಾರ

ಕನ್ನಡದಲ್ಲಿ 'ಕತ್ತಿ' ಎಂಬುದು ಸೀಮೆಯಿಂದ ಸೀಮೆಗೆ ಅರ್ಥ ಬದಲಿಸುವ ಮಾತು. ಬಯಲುಸೀಮೆಯಲ್ಲಿ ಹುಟ್ಟಿದವನಿಗೆ ಕತ್ತಿ ಎಂದೊಡನೆ ರಾಜನ ನೆನಪು, ಯುದ್ಧದ ನೆನಪು. ಅದೂ ಇಲ್ಲದಿದ್ದರೆ ನಾಟಕದ ಕಂಪನಿಯ ಪೆಟ್ಟಿಗೆಯ ನೆನಪು. ಅವನ ಮನೆಯಲ್ಲಿ ತರಕಾರಿ ಹೆಚ್ಚುವುದು ಈಳಿಗೆ, ಹಣ್ಣು ಕೊಯ್ಯುವುದು ಚಾಕು, ಹೊಲಕ್ಕೆ ಹೋಗುವುದು ಕುಡುಗೋಲು, ತೋಟಕ್ಕೆ ಹೋಗುವುದು ಮಚ್ಚು. ಮಲೆನಾಡಿನಲ್ಲಿಯೋ ಕರಾವಳಿಯಲ್ಲಿಯೋ 'ಕತ್ತಿ ಕೊಡಿ' ಎಂದರೆ ಯಾರೂ ಬೆಚ್ಚುವುದಿಲ್ಲ. ಸೊಪ್ಪು ಸವರುವುದಕ್ಕೆ, ಸೌದೆ ಸೀಳುವುದಕ್ಕೆ, ಎಳನೀರು ಕೆತ್ತುವುದಕ್ಕೆ ದಿನಕ್ಕೆ ಹತ್ತು ಸಲ ಕೈಗೆ ಬರುವ ಸಾಧನ ಅದು. ಮಾತು ಒಂದೇ, ಒಂದು ಕಡೆ ವೀರರಸಕ್ಕೆ ಸೇರಿದೆ, ಇನ್ನೊಂದು ಕಡೆ ದಿನಗೂಲಿಗೆ ಸೇರಿದೆ. ಕೈಯಿಂದ ಮಾಡಿದ ಕತ್ತಿಗಳನ್ನು ಕೂಡಿಡುವ ಹವ್ಯಾಸದ ವಿಷಯವಾಗಿ ನಾನು ಹೇಳಬೇಕೆಂದಿರುವುದೆಲ್ಲ ಈ ಎರಡು ಅರ್ಥಗಳ ನಡುವಣ ಜಗಳಕ್ಕೆ ಸಂಬಂಧಪಟ್ಟದ್ದು.

ಈ ಹವ್ಯಾಸ ಈಗ ನಮ್ಮ ನಗರಗಳಲ್ಲಿಯೂ ಕಾಣುತ್ತಿದೆ. ಅಂಚೆಚೀಟಿ, ಹಳೆಯ ನಾಣ್ಯ, ಹಿತ್ತಾಳೆಯ ದೀಪ ಇವುಗಳ ಸಾಲಿಗೆ ಕತ್ತಿಯೂ ಬಂದು ನಿಂತಿದೆ. ಕಾಡಿನ ಮೃಗಗಳ ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೊನೆ ಹಾಡಿದ್ದರೂ ಬೇಟೆಯ ಚಾಕುವಿನ ಮೇಲಣ ಮೋಹ ಕೊನೆಗೊಂಡಿಲ್ಲ. ಇದನ್ನು ಕಂಡು ನಗುವವರ ಗುಂಪಿಗೆ ನಾನು ಸೇರಿದವನಲ್ಲ. ಓದದ ಪುಸ್ತಕಗಳನ್ನು ಗಾಜಿನ ಬೀರುವಿನಲ್ಲಿ ಜೋಡಿಸಿಡುವ ನಮ್ಮಂಥವರಿಗೆ, ಕೊಯ್ಯದ ಕತ್ತಿಗಳನ್ನು ಜೋಡಿಸಿಡುವವರನ್ನು ನೋಡಿ ನಗುವ ಅಧಿಕಾರವಿಲ್ಲ. ಆದರೆ ಸಂಗ್ರಹವೆಂದರೆ ಆಯ್ಕೆ. ಆಯ್ಕೆಯೆಂದರೆ ಇದು ಮೇಲು, ಇದು ಕೀಳು ಎಂಬ ತೀರ್ಮಾನ. ತೀರ್ಮಾನ ಬಂದಲ್ಲಿ ವಿಮರ್ಶೆ ಬರಲೇಬೇಕು. ಕವಿತೆಗೆ, ಶಿಲ್ಪಕ್ಕೆ, ಸಂಗೀತಕ್ಕೆ ನಮ್ಮಲ್ಲಿ ವಿಮರ್ಶೆಯುಂಟು. ಕತ್ತಿಗೆ ಉಂಟೆ? ಇಲ್ಲದಿದ್ದರೆ, ಅದು ಯಾವ ತತ್ತ್ವದ ಮೇಲೆ ನಿಲ್ಲಬೇಕು?

ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಕೊಡವ ಗಂಡಸರ ಸಾಂಪ್ರದಾಯಿಕ ಉಡುಪಿಗೆ ಸೇರಿದ ಕತ್ತಿಗಳು ಎರಡು. ಪೀಚೆಕತ್ತಿ ಮುಂದಿನದು, ಕುಪ್ಯದ ಮೇಲೆ ಸುತ್ತಿದ ಕೆಂಪು ರೇಷ್ಮೆಯ ಚೇಲೆಗೆ ಸಿಕ್ಕಿಸುವಂಥದು. ಅಲಗು ಹೆಚ್ಚುಕಡಿಮೆ ಒಂದು ಗೇಣು. ಅಗಲವಾಗಿ, ಒಂದೇ ಕಡೆ ಬಾಯುಳ್ಳದ್ದು. ಹಿಡಿಯ ತುದಿ ಹಲವು ಕತ್ತಿಗಳಲ್ಲಿ ಗಿಳಿಯ ಕೊಕ್ಕಿನಂತೆ ಬಾಗಿರುತ್ತದೆ. ಹಿಡಿಗೂ ಒರೆಗೂ ಬೆಳ್ಳಿಯ ಕಟ್ಟು. ಸಿರಿವಂತರ ಮನೆಯ ಹಳೆಯ ಕತ್ತಿಗಳಲ್ಲಿ ಆನೆಯ ದಂತ. ಒರೆಯಿಂದ ಇಳಿಬಿದ್ದ ಬೆಳ್ಳಿಯ ಸರಪಣಿ. ಒಡಿಕತ್ತಿ ಹಿಂದಿನದು. ಹಿಡಿಯ ಬಳಿ ಕಿರಿದಾಗಿ ಹೊರಟು, ಮುಂದೆ ಹೋಗುತ್ತ ಅಗಲವಾಗಿ, ಒಳಗಡೆಗೆ ಬಾಗಿದ ಭಾರವಾದ ಅಲಗು. ಬಾಯಿರುವುದು ಬಾಗಿನ ಒಳಮೈಯಲ್ಲಿ. ಇದಕ್ಕೆ ಒರೆಯಿಲ್ಲ. ಸೊಂಟದ ಹಿಂದೆ ಕಟ್ಟಿದ 'ತೊಡಂಗ್' ಎಂಬ ಹಿತ್ತಾಳೆಯ ಕೊಂಡಿಯಲ್ಲಿ ಬರಿಯ ಅಲಗನ್ನೇ ಇಳಿಸಿರುತ್ತಾರೆ.

ಸಂಗ್ರಹಕಾರರ ಒಲವೆಲ್ಲ ಪೀಚೆಕತ್ತಿಯ ಕಡೆಗೆ. ಅದು ಸಹಜ. ಬೆಳ್ಳಿ ಹೊಳೆಯುತ್ತದೆ, ಗೋಡೆಯ ಮೇಲೆ ಒಪ್ಪುತ್ತದೆ, ತೂಕ ಹಾಕಿ ಬೆಲೆ ಕಟ್ಟುವುದು ಸುಲಭ. ಒಡಿಕತ್ತಿಯಲ್ಲಿ ಹೊಳೆಯುವುದೇನಿದೆ? ಕಬ್ಬಿಣವಿದೆ, ಹಿಡಿಯಿದೆ, ಭಾರವಿದೆ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನ್ನ ಮತ ಒಡಿಕತ್ತಿಗೇ ಬೀಳುತ್ತದೆ. ಕೊಡವರ ಮದುವೆಯಲ್ಲಿ ಬಾಳೆಯ ದಿಂಡುಗಳನ್ನು ನಿಲ್ಲಿಸಿ ಏಟಿಗೊಂದರಂತೆ ಕಡಿಯುವ 'ಬಾಳೆ ಬಿರುದು' ಎಂಬ ಮರ್ಯಾದೆಯುಂಟು. ಆ ಒಂದು ಗಳಿಗೆಗಾದರೂ ಒಡಿಕತ್ತಿ ತನ್ನ ಸ್ವಧರ್ಮಕ್ಕೆ ಮರಳುತ್ತದೆ; ಸೇರಿದ ಜನ ಅದರ ಬಾಯನ್ನೂ, ಹಿಡಿದವನ ತೋಳನ್ನೂ ಒಟ್ಟಿಗೆ ಪರೀಕ್ಷಿಸುತ್ತಾರೆ. ಪೀಚೆಕತ್ತಿಗೆ ಆ ಭಾಗ್ಯವಿಲ್ಲ. ನಾನು ನೋಡಿದ ಯಾವ ಮದುವೆಯಲ್ಲಿಯೂ ಅದು ಒರೆಯಿಂದ ಹೊರಗೆ ಬರಲಿಲ್ಲ. ಎಲ್ಲರೂ ನೋಡುವುದು ಒರೆಯನ್ನು; ಒಳಗೆ ಅಲಗಿದೆ ಎಂಬುದು ಕೇವಲ ನಂಬಿಕೆ.

ಇಷ್ಟರಿಂದ ಪೀಚೆಕತ್ತಿಯ ಬೆಳ್ಳಿಗೆಲಸವನ್ನು ನಾನು ಹಳಿಯುತ್ತಿದ್ದೇನೆಂದು ಓದುಗರು ತಿಳಿಯಬಾರದು. ಅಲಂಕಾರ ಎಲ್ಲಿಂದ ಹುಟ್ಟುತ್ತದೆ ಎಂಬುದು ಪ್ರಶ್ನೆ. ತೊಡಂಗನ್ನೇ ನೋಡಿ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಸೊಪ್ಪಿಗೆ ಹೋಗುವ ಆಳು ಸೊಂಟದ ಹಿಂದೆ ಮರದ ಕೊಕ್ಕೆಯೊಂದನ್ನು ಕಟ್ಟಿಕೊಂಡು ಕತ್ತಿಯನ್ನು ಅದರಲ್ಲಿ ಸಿಕ್ಕಿಸುತ್ತಾನೆ. ಮರ ಹತ್ತುವಾಗ ಎರಡು ಕೈಗಳೂ ಬಿಡುವಾಗಿರುತ್ತವೆ. ಬೇಕಾದಾಗ ಬಲಗೈ ಹಿಂದೆ ಹೋದರೆ ಹಿಡಿ ತಾನಾಗಿ ಸಿಕ್ಕುತ್ತದೆ. ಮದುಮಗನ ಬೆನ್ನಿನ ಹಿತ್ತಾಳೆಯ ತೊಡಂಗೂ ಆಳಿನ ಬೆನ್ನಿನ ಮರದ ಕೊಕ್ಕೆಯೂ ಒಂದೇ ಆಲೋಚನೆಯ ಎರಡು ರೂಪಗಳು. ಕೆಲಸ ಕಲಿಸಿದ ಆಕಾರವನ್ನು ಸಂಭ್ರಮ ಹಿತ್ತಾಳೆಯಲ್ಲಿ ಮತ್ತೊಮ್ಮೆ ಹೇಳಿದೆ. ಇಂಥ ಅಲಂಕಾರ ನನಗೆ ಮಾನ್ಯ. ನಮ್ಮ ಪ್ರಾಚೀನ ಆಲಂಕಾರಿಕರಲ್ಲಿ ಕ್ಷೇಮೇಂದ್ರ ಔಚಿತ್ಯವನ್ನು ಕಾವ್ಯದ ಜೀವವೆಂದ. ಅಲಂಕಾರ ತಾನಿರಬೇಕಾದ ಎಡೆಯಲ್ಲಿದ್ದರೆ ಮಾತ್ರ ಅಲಂಕಾರ. ಕಾವ್ಯಕ್ಕೆ ಹೇಳಿದ ಈ ಮಾತು ಕತ್ತಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಹಿಡಿಯ ತುದಿಯ ಗಿಳಿಕೊಕ್ಕು ಕೈ ಜಾರದಂತೆ ತಡೆಯುವಷ್ಟು ಬಾಗಿದ್ದರೆ ಅದು ಔಚಿತ್ಯ. ಅಂಗೈಗೆ ಚುಚ್ಚುವಷ್ಟು ಬಾಗಿದ್ದರೆ ಬರಿಯ ಆಡಂಬರ.

ಕೈಲ್ ಪೊಳ್ದ್ ಹಬ್ಬದಲ್ಲಿಯೂ ಇದೇ ವಿವೇಕವನ್ನು ಕಾಣಬಹುದು. ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದ ಸುಮಾರಿಗೆ ಬರುವ ಈ ಹಬ್ಬದಲ್ಲಿ ಮನೆಯ ಆಯುಧಗಳನ್ನೆಲ್ಲ ಒಂದೆಡೆ ಇಟ್ಟು, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಹಿಂದೆ ಅದಾದ ಮೇಲೆ ಬೇಟೆ. ಈಗ ತೆಂಗಿನಕಾಯಿಗೆ ಗುರಿಯಿಟ್ಟು ಗುಂಡು ಹೊಡೆಯುವ ಪಂದ್ಯ. ಕತ್ತಿಗೆ ಹೂವು ಏರುವುದು ಎರಡು ಕೆಲಸಗಳ ನಡುವಣ ಬಿಡುವಿನಲ್ಲಿ ಎಂಬುದನ್ನು ಗಮನಿಸಬೇಕು. ದುಡಿದದ್ದಕ್ಕೆ ಮನ್ನಣೆ, ದುಡಿಯಬೇಕಾದದ್ದಕ್ಕೆ ಆಹ್ವಾನ. ಹಬ್ಬದ ಮರುದಿನ ಹೂವು ಬಾಡುತ್ತದೆ, ಕತ್ತಿ ಕೆಲಸಕ್ಕೆ ಹೋಗುತ್ತದೆ. ನಮ್ಮ ಗಾಜಿನ ಬೀರುಗಳಲ್ಲಿ ಮಾತ್ರ ಹೂವು ಬಾಡುವುದೇ ಇಲ್ಲ.

ಹಾಗಾದರೆ ಕತ್ತಿಯ ಗುಣವನ್ನು ಅಳೆಯುವ ಕೋಲು ಯಾವುದು? ನಮ್ಮ ಕಮ್ಮಾರರಲ್ಲಿ ಅದಕ್ಕೊಂದು ಮಾತಿದೆ: ಹದ. ಕನ್ನಡದಲ್ಲಿ ಇಷ್ಟು ದುಡಿಯುವ ಮಾತು ಇನ್ನೊಂದಿದೆಯೋ ಕಾಣೆ. ಮಳೆ ಬಿದ್ದ ಹೊಲಕ್ಕೆ ಹದ, ಬೆಲ್ಲದ ಪಾಕಕ್ಕೆ ಹದ, ತೊಗಲಿಗೆ ಹದ, ಮಾತಿಗೂ ಹದ. ಕುಲುಮೆಯಲ್ಲಿ ಕಾಯಿಸಿ, ಅಡಿಗಲ್ಲಿನ ಮೇಲೆ ಬಡಿದು ಆಕಾರಕ್ಕೆ ತಂದರೆ ಕತ್ತಿಯ ಕೆಲಸ ಅರ್ಧ ಮುಗಿದಂತೆ ಅಷ್ಟೆ. ಆಮೇಲೆ ಅಲಗನ್ನು ಮತ್ತೆ ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದುತ್ತಾರೆ. ಆಗ ಅದು ಗಾಜಿನಂತೆ ಗಡುಸು, ಗಾಜಿನಂತೆಯೇ ಒಡೆಯುವಂಥದು. ಮೈಯನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೊಮ್ಮೆ ಮೆಲ್ಲಗೆ ಕಾಯಿಸಿದರೆ ಅದರ ಮೇಲೆ ಬಣ್ಣಗಳು ಹರಿಯುತ್ತವೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಹಳದಿಯಲ್ಲಿ ನಿಲ್ಲಿಸಿದರೆ ಬಾಯಿ ಬಹುಕಾಲ ಹರಿತವಾಗಿರುತ್ತದೆ, ಆದರೆ ಭಾರವಾದ ಏಟಿಗೆ ಚಕ್ಕೆ ಏಳುವ ಭಯ. ನೀಲಿಯವರೆಗೆ ಬಿಟ್ಟರೆ ಏಟನ್ನು ತಾಳುತ್ತದೆ, ಆದರೆ ಬಾಯಿ ಬೇಗ ಮೊಂಡಾಗುತ್ತದೆ. ಹಣ್ಣು ಕೊಯ್ಯುವ ಚಾಕುವನ್ನು ಎಲ್ಲಿ ನಿಲ್ಲಿಸಬೇಕು, ಸೌದೆ ಸೀಳುವ ಕತ್ತಿಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಕಮ್ಮಾರನ ವಿವೇಕ. ಎಂದಮೇಲೆ ಹದವೆಂಬುದು ಕತ್ತಿಯಲ್ಲಿ ಮಾತ್ರ ಇರುವ ಗುಣವಲ್ಲ. ಕತ್ತಿ ಮಾಡಬೇಕಾದ ಕೆಲಸವನ್ನು ಮೊದಲೇ ಊಹಿಸಿದ ಮನಸ್ಸು ಅಲಗಿನಲ್ಲಿ ಬಿಟ್ಟುಹೋದ ಗುರುತು ಅದು. ಕೆಲಸವನ್ನು ತಿಳಿಯದೆ ಕತ್ತಿಯನ್ನು ವಿಮರ್ಶಿಸುವುದು ಅರ್ಥವನ್ನು ತಿಳಿಯದೆ ಛಂದಸ್ಸನ್ನು ಹೊಗಳಿದಂತೆ.

ಈ ನಾಡಿನ ಲೋಹಕ್ಕೆ ದೊಡ್ಡ ಹೆಸರಿತ್ತು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ 'ವೂಟ್ಸ್' ಎಂಬ ಭಾರತದ ಉಕ್ಕಿನ ವಿಷಯವಾಗಿ ಪ್ರಬಂಧ ಮಂಡಿಸಿದ. ಆ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಬಂದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಮಾಗಡಿಯ ಕಡೆಯ ಗಟ್ಟಿಪುರದಲ್ಲಿ ಉಕ್ಕು ಮಾಡುವ ಕ್ರಮವನ್ನು ವಿವರವಾಗಿ ಬರೆದಿಟ್ಟ. 1819ರಲ್ಲಿ ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿ ಇದೇ ಉಕ್ಕನ್ನು ಪರೀಕ್ಷೆಗೆ ತೆಗೆದುಕೊಂಡ. ಅವರೆಲ್ಲ ನೋಡಿದ್ದು ಲೋಹದ ಒಡಲನ್ನು. ಆ ಉಕ್ಕಿನ ಮೂಸೆಗಳು ಆರಿ ಬಹುಕಾಲವಾಯಿತು. ಇಂದಿನ ಕಮ್ಮಾರ ಒಳ್ಳೆಯ ಕತ್ತಿಗಾಗಿ ಹುಡುಕುವುದು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಸ್ಪ್ರಿಂಗ್ ಪಟ್ಟಿ ಹದವನ್ನು ಹಿಡಿಯುವ ಲೋಹ. ನಾಚಿಕೆಯಾಗಬೇಕಾದದ್ದು ಬೇರೆ. ಪೇಟೆಯ ಅಂಗಡಿಯೊಂದರಲ್ಲಿ ಉಡುಗೊರೆಗೆಂದು ಇಟ್ಟಿದ್ದ ಕತ್ತಿಯೊಂದನ್ನು ಈಚೆಗೆ ಒರೆಯಿಂದ ಎಳೆದು ನೋಡಿದೆ. ಹೊರಗೆ ಸೊಗಸಾದ ಕೆತ್ತನೆ. ಒಳಗೆ ಹದವನ್ನೇ ಕಾಣದ ತಗಡು. ಬಾಯಿಲ್ಲ, ಬಾಯಿ ಹಚ್ಚಿದರೂ ನಿಲ್ಲುವುದಿಲ್ಲ. ಕೊಳ್ಳುವವರು ಬಾಯನ್ನು ಕೇಳದಿದ್ದರೆ ಮಾಡುವವರು ಏಕೆ ಕೊಟ್ಟಾರು? ಕೇಳುವವರಿಲ್ಲದೆ ಒಂದು ತಲೆಮಾರು ಕಳೆದರೆ, ಹದವನ್ನು ಮರೆತ ಕೈಗೆ ಅದನ್ನು ಮತ್ತೆ ಕಲಿಸುವವರು ಯಾರು?

ಸಂಗ್ರಹಕ್ಕೂ ಬಳಕೆಗೂ ಇರುವ ಈ ವಿರಸ ನಮ್ಮಲ್ಲಿ ಮಾತ್ರ ಇರುವುದಲ್ಲ. ಕೊಡಗಿನ ಕತ್ತಿಗಳು ಸಮುದ್ರ ದಾಟಿಯೂ ಹೋಗಿವೆ. ನ್ಯೂಯಾರ್ಕಿನ ಜಾರ್ಜ್ ಕ್ಯಾಮೆರಾನ್ ಸ್ಟೋನ್ ಎಂಬ ಸಂಗ್ರಹಕಾರ 1934ರಲ್ಲಿ ಪ್ರಕಟಿಸಿದ ಆಯುಧಗಳ ದೊಡ್ಡ ಕೋಶದಲ್ಲಿ ಇವಕ್ಕೂ ಜಾಗ ಕೊಟ್ಟಿದ್ದಾನೆ. ಅವನು ಕೂಡಿಟ್ಟ ಆಯುಧಗಳ ಬಹುಭಾಗ ಅಲ್ಲಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಸೇರಿತು. ಕುತೂಹಲದ ಸಂಗತಿಯೆಂದರೆ, ಹೊರನಾಡಿನ ಕತ್ತಿಗಳನ್ನು ಸ್ಟೋನ್ ಹೀಗೆ ವರ್ಗೀಕರಿಸುತ್ತಿದ್ದ ಕಾಲದಲ್ಲಿಯೇ ಆ ದೇಶದ ಸ್ವಂತ ಕೈಗೆಲಸದ ಚಾಕುವಿನ ಪರಂಪರೆಯೊಂದು ಬೇರುಬಿಡುತ್ತಿತ್ತು; ಅದರ ಮೂಲಕಥೆಯೇ ನಮ್ಮ ಪ್ರಶ್ನೆಗೆ ಉತ್ತರದಂತಿದೆ.

ಮಿಷಿಗನ್ ಸೀಮೆಯಲ್ಲಿ ವಿಲಿಯಂ ಸ್ಕೇಗಲ್ ಎಂಬ ಕುಶಲಿ ಚಾಕುಗಳನ್ನು ಮಾಡುತ್ತಿದ್ದ. 1930ರ ದಶಕದ ನಡುವೆ ಫ್ಲಾರಿಡಾದ ಕಿತ್ತಳೆ ಬೆಳೆಗಾರ ಬೋ ರ‍್ಯಾಂಡಲ್ ಅಲ್ಲಿನ ಸರೋವರದ ದಡದಲ್ಲಿ ಒಬ್ಬಾತ ದೋಣಿಯ ಹಳೆಯ ಬಣ್ಣವನ್ನು ಚಾಕುವಿನಿಂದ ಹೆರೆಯುತ್ತಿದ್ದುದನ್ನು ಕಂಡ. ಅಷ್ಟು ಒರಟಾಗಿ ದುಡಿಸಿದರೂ ಆ ಚಾಕುವಿನ ಬಾಯಿ ಕೆಟ್ಟಿರಲಿಲ್ಲ. ಅದು ಸ್ಕೇಗಲ್ ಮಾಡಿದ ಚಾಕು. ರ‍್ಯಾಂಡಲ್ ಅದನ್ನು ಕೊಂಡ, ಅದರ ಮಾದರಿಯಿಂದ ತಾನೇ ಕಲಿತು ಮಾಡತೊಡಗಿದ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರು ಅವನ ಚಾಕುಗಳನ್ನು ಕೇಳಿ ಪಡೆದರು. 1950ರ ದಶಕದ ಮೊದಲಲ್ಲಿ ಬಾಬ್ ಲವ್‌ಲೆಸ್ ಎಂಬ ತರುಣ ರ‍್ಯಾಂಡಲ್ ಚಾಕುವೊಂದನ್ನು ಕೊಳ್ಳಲು ಹೋಗಿ, ತಿಂಗಳುಗಟ್ಟಲೆ ಕಾಯಬೇಕೆಂದು ಕೇಳಿ, ತನ್ನದನ್ನು ತಾನೇ ಮಾಡಿಕೊಂಡ. ಅವನು ಹೆಸರಿಗೆ ತಂದ ಬೇಟೆಯ ಚಾಕುವಿನಲ್ಲಿ ಬೆನ್ನು ಮೊನೆಯ ಕಡೆಗೆ ಮೆಲ್ಲಗೆ ಇಳಿಯುತ್ತದೆ. ಮೊನೆ ಮೇಲಕ್ಕೆ ಸೆಟೆದು ನಿಲ್ಲುವುದಿಲ್ಲ. ಕಾರಣ ಸರಳ. ಬೇಟೆಯ ಚಾಕುವಿನ ಕೆಲಸ ಬೇಟೆ ಮುಗಿದ ಮೇಲೆ ತೊಡಗುತ್ತದೆ. ಬಿದ್ದ ಮೃಗದ ಹೊಟ್ಟೆಯ ತೊಗಲನ್ನು ಸೀಳುವಾಗ ಮೊನೆ ಕರುಳಿಗೆ ತಾಗಿದರೆ ಮಾಂಸ ಕೆಟ್ಟಂತೆ. ನೋಡುವವರಿಗೆ ಸೊಗಸಾಗಿ ಕಾಣುವ ಆ ಇಳಿಜಾರು ಗೆರೆ ಮಾಂಸ ಕೆಡದಿರಲೆಂದು ಹುಟ್ಟಿದ್ದು.

ಆಮೇಲಿನ ಕಥೆ ವಿಪರೀತ. ಲವ್‌ಲೆಸ್ 2010ರಲ್ಲಿ ತೀರಿಕೊಂಡ. ಅವನ ಚಾಕುಗಳು ಇಂದು ಸಾವಿರಾರು ಡಾಲರುಗಳಿಗೆ ಕೈಬದಲಾಗುತ್ತವೆ. ಆ ಬೆಲೆ ಕೊಟ್ಟವನು ಅದರಿಂದ ಒಂದು ಹಗ್ಗವನ್ನಾದರೂ ಕೊಯ್ದಾನೆ? ಒಂದು ಗೀರು ಬಿದ್ದರೆ ಬೆಲೆ ಇಳಿಯುತ್ತದೆ. ದೋಣಿಯ ಬಣ್ಣ ಹೆರೆದು ತನ್ನ ಗುಣವನ್ನು ತೋರಿಸಿದ ಚಾಕುವಿನ ಮೊಮ್ಮಗ ಈಗ ಮುಟ್ಟಿದರೆ ಮೈಲಿಗೆ. ಸಾಧನ ಪರಿಪೂರ್ಣವಾದಷ್ಟೂ ಅದಕ್ಕೆ ಕೆಲಸ ತಪ್ಪುತ್ತದೆ ಎಂಬ ಈ ವ್ಯಂಗ್ಯವನ್ನು ಯಾವ ಸಂಗ್ರಹಕಾರನೂ ಎದುರಿಸದೆ ತೀರದು. ನನ್ನ ಪರಿಚಿತರೊಬ್ಬರ ಮನೆಯಲ್ಲಿ ನಲವತ್ತಕ್ಕೂ ಹೆಚ್ಚು ಕತ್ತಿಗಳಿವೆ. ಒಂದೊಂದರ ಬೆಳ್ಳಿಯ ತೂಕವನ್ನೂ ಅವರು ಬಾಯಲ್ಲಿಯೇ ಹೇಳಬಲ್ಲರು. ಅವುಗಳ ಕಥೆಯನ್ನು ಕೇಳುತ್ತ ಕುಳಿತಿದ್ದಾಗ, ಒಳಗೆ ಅವರ ಮನೆಯವರು ಮೊಂಡು ಚಾಕುವಿನಿಂದ ಟೊಮೇಟೊ ಹಣ್ಣನ್ನು ಹಿಸುಕುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. ನಲವತ್ತು ಕತ್ತಿಗಳ ಮನೆಯಲ್ಲಿ ಒಂದು ಹಣ್ಣನ್ನು ಹೆಚ್ಚುವುದಕ್ಕೆ ಬಾಯಿಲ್ಲ!

ಸಂಗ್ರಹಕಾರರ ಕಡೆಯಿಂದ ಹೇಳಬಹುದಾದ ಬಲವಾದ ಮಾತೂ ಒಂದುಂಟು. ಬಳಸಿದ ಕತ್ತಿ ಸವೆಯುತ್ತದೆ. ಸಾಣೆ ಕಂಡಷ್ಟೂ ಅಲಗು ಕಿರಿದಾಗಿ, ಕೊನೆಗೆ ಹಳೆಯ ಕಬ್ಬಿಣದವನ ತಕ್ಕಡಿಗೆ ಬೀಳುತ್ತದೆ. ಎಲ್ಲರೂ ಬಳಸುತ್ತಲೇ ಹೋಗಿದ್ದರೆ ನೋಡುವುದಕ್ಕೆ ಇಂದು ಒಂದು ಹಳೆಯ ಕತ್ತಿಯೂ ಉಳಿಯುತ್ತಿರಲಿಲ್ಲ. ಇದು ನಿಜ, ಇದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅಜ್ಜನ ಕಾಲದ ಪೀಚೆಕತ್ತಿಯಿಂದ ಈರುಳ್ಳಿ ಹೆಚ್ಚಿ ಎಂದು ಯಾರೂ ಹೇಳಲಾರರು. ನನ್ನ ಬೇಡಿಕೆ ಬೇರೆ. ಕತ್ತಿ ಬೀರುವಿಗೆ ಬರುವಾಗ ತನ್ನ ಕೆಲಸದ ಕಥೆಯನ್ನೂ ಜೊತೆಗೆ ತರಬೇಕು.

ಈ ಮಾತನ್ನು ನಾನು ಕನ್ನಡದ ಮೇಷ್ಟರಾಗಿ ಹೇಳುತ್ತಿದ್ದೇನೆ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು 'ಪಟ್ಟೋಲೆ ಪಳಮೆ'ಯನ್ನು ಹೊರತಂದಾಗ ಕೊಡವರ ಹಾಡುಗಳ ಜೊತೆಯಲ್ಲಿ ಅವರ ಆಚಾರ ಪದ್ಧತಿಗಳನ್ನೂ ಬರೆದಿಟ್ಟರು. ಆದುದರಿಂದ ಆ ಹಾಡುಗಳು ನಮಗೆ ಬರಿಯ ಪದಗಳಾಗಿ ಉಳಿಯದೆ ಬದುಕಾಗಿ ಉಳಿದಿವೆ. ಜನಪದ ಗೀತೆಯನ್ನು ಸಂಗ್ರಹ ಮಾಡುವ ವಿದ್ಯಾರ್ಥಿಗೆ ಇಂದಿಗೂ ನಾವು ಹೇಳುವ ಮೊದಲ ಪಾಠ: ಹಾಡಿದವರ ಹೆಸರು, ಊರು, ಹಾಡಿದ ಸಂದರ್ಭ ಇವನ್ನು ಬರೆದುಕೊಳ್ಳದೆ ತಂದ ಹಾಡು ಅರ್ಧ ಹಾಡು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವೂ, ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವೂ ನೇಗಿಲು, ಕುಡುಗೋಲು, ಈಳಿಗೆಗಳಂಥ ದಿನಬಳಕೆಯ ವಸ್ತುಗಳಿಗೆ ಮರ್ಯಾದೆ ತಂದುಕೊಟ್ಟಿವೆ. ಆದರೆ ಖಾಸಗಿ ಸಂಗ್ರಹಗಳಲ್ಲಿ ಕತ್ತಿಯ ಪಕ್ಕದ ಚೀಟಿಯನ್ನು ಓದಿ ನೋಡಿ: 'ಬೆಳ್ಳಿಯ ಹಿಡಿಯ ಕತ್ತಿ, ಹತ್ತೊಂಬತ್ತನೆಯ ಶತಮಾನ.' ಮಾಡಿದವನು ಯಾರು? ಯಾವ ಊರಿನ ಕುಲುಮೆ? ಯಾವ ಮನೆಯಲ್ಲಿ, ಯಾವ ಕೆಲಸಕ್ಕೆ ಇತ್ತು? ಎಡಗೈಯವನದೋ ಬಲಗೈಯವನದೋ? ಬಾಯಿ ಎಲ್ಲಿ ಹೆಚ್ಚು ಸವೆದಿದೆ? ಹಾಡಿದವಳ ಹೆಸರಿಲ್ಲದ ಹಾಡನ್ನು ಒಪ್ಪದ ನಾವು ಬಡಿದವನ ಹೆಸರಿಲ್ಲದ ಕತ್ತಿಯನ್ನು ಒಪ್ಪುತ್ತೇವೆ. ಹಾಡಿಗೆ ಒಂದು ನ್ಯಾಯ, ಕತ್ತಿಗೆ ಇನ್ನೊಂದು ನ್ಯಾಯವೆ? ಹಳೆಯ ಕತ್ತಿಗಳ ಕಮ್ಮಾರರ ಹೆಸರು ಇನ್ನು ಸಿಕ್ಕುವುದು ಕಷ್ಟ. ಇಂದಿನವರ ಹೆಸರನ್ನು ಬರೆದುಕೊಳ್ಳುವುದಕ್ಕೆ ಅಡ್ಡಿಯೇನು?

ಹಳೆಯ ಕತ್ತಿಯನ್ನು ಕಾಪಾಡುವುದರಲ್ಲಿಯೂ ಇಂಥದೇ ಎಚ್ಚರ ಬೇಕು. ಹಸ್ತಪ್ರತಿಯನ್ನು 'ತಿದ್ದಿ' ಕೆಡಿಸಿದ ಲಿಪಿಕಾರರನ್ನು ನಾವು ತರಗತಿಗಳಲ್ಲಿ ದೂರುತ್ತೇವೆ. ಹಳೆಯ ಅಲಗನ್ನು ಯಂತ್ರದ ಸಾಣೆಗೆ ಕೊಟ್ಟು ಫಳಫಳನೆ ಹೊಳೆಯಿಸುವವರು ಮಾಡುವುದೂ ಅದನ್ನೇ. ವೇಗವಾಗಿ ತಿರುಗುವ ಸಾಣೆಯ ಕಾವಿಗೆ ಬಾಯಿಯ ಅಂಚು ನೀಲಿಗಟ್ಟಿದರೆ ಅಲ್ಲಿಗೆ ಅದರ ಹದ ಹೋಯಿತು. ಅಲಗಿನ ಮೇಲಣ ಕಪ್ಪು ಛಾಯೆ ಕೊಳೆಯಲ್ಲ, ಅದು ವಯಸ್ಸು. ತುಕ್ಕನ್ನಷ್ಟೇ ಮೆಲ್ಲಗೆ ತೆಗೆದು, ತೆಳುವಾಗಿ ಎಣ್ಣೆ ಸವರಿ, ಮಳೆಗಾಲದಲ್ಲಿ ತೊಗಲಿನ ಒರೆಯಿಂದ ಹೊರಗಿಟ್ಟರೆ ಸಾಕು. ಕೊಳ್ಳುವವರು ಕಾನೂನನ್ನೂ ಮರೆಯಬಾರದು. ದಂತದ ಹಿಡಿಯ ಕತ್ತಿ ಎಷ್ಟೇ ಹಳೆಯದಾದರೂ ಅದರ ವ್ಯಾಪಾರಕ್ಕೆ ವನ್ಯಜೀವಿ ಕಾಯಿದೆ ಅಡ್ಡ ನಿಲ್ಲುತ್ತದೆ. 1962ರ ಆಯುಧ ನಿಯಮಗಳಂತೂ 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗನ್ನು ಆಯುಧಗಳ ಪಟ್ಟಿಗೆ ಸೇರಿಸಿ, ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದವನ್ನು ಬಿಟ್ಟುಕೊಟ್ಟವು. ಕತ್ತಿಯ ಜಾತಿಯನ್ನು ನಿರ್ಣಯಿಸುವುದು ಅದರ ಕೆಲಸ ಎಂಬುದನ್ನು ರಸಿಕರಿಗಿಂತ ಮೊದಲು ಕಾಯಿದೆ ಬರೆದವರು ಅರಿತರು!

ಕತ್ತಿಯ ವಿಮರ್ಶೆ ಈ ಕ್ರಮದಲ್ಲಿ ನಡೆಯಬೇಕೆಂದು ನನ್ನ ಅಭಿಪ್ರಾಯ: ಮೊದಲು ಅದರ ಕೆಲಸವೇನೆಂದು ಕೇಳಬೇಕು, ಆ ಕೆಲಸಕ್ಕೆ ಹದ ತಕ್ಕದ್ದೇ ಎಂದು ನೋಡಬೇಕು, ಹಿಡಿ ಕೈಗೆ ಒಗ್ಗುತ್ತದೆಯೇ ಎಂದು ಹಿಡಿದು ನೋಡಬೇಕು, ಬೆಳ್ಳಿಯ ಸರದಿ ಕೊನೆಯದು. ಈ ಪರೀಕ್ಷೆಯಲ್ಲಿ ಗೆದ್ದ ಕತ್ತಿಗೆ ಬೆಳ್ಳಿ ಶೋಭೆ. ಸೋತದ್ದಕ್ಕೆ ಬೆಳ್ಳಿ ಬರಿಯ ಮುಸುಕು. ಸಂಗ್ರಹಕಾರ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಲ ಕತ್ತಿ ಕೊಳ್ಳಬೇಕೆನಿಸಿದಾಗ ಹರಾಜಿಗೆ ಹೋಗುವ ಮೊದಲು, ಇನ್ನೂ ತಿದಿಯೊತ್ತುತ್ತಿರುವ ಯಾವುದಾದರೂ ಕುಲುಮೆಗೆ ಹೋಗಿ. ಯಾವ ಕೆಲಸಕ್ಕೆ ಬೇಕೆಂದು ಕಮ್ಮಾರನಿಗೆ ಹೇಳಿ, ಬಾಯುಳ್ಳ ಕತ್ತಿಯೊಂದನ್ನು ಮಾಡಿಸಿಕೊಳ್ಳಿ. ಅವನ ಹೆಸರನ್ನೂ ಊರನ್ನೂ ದಿನವನ್ನೂ ಬರೆದಿಡಿ. ಆಮೇಲೆ ಅದನ್ನು ಬೀರುವಿನಲ್ಲಿಡದೆ ಅಡಿಗೆಮನೆಗೆ ಕೊಡಿ. ಅದು ಮೊಂಡಾದಾಗ ಸಾಣೆಗೆಂದು ಅವನಲ್ಲಿಗೇ ಮರಳಿ ಹೋಗಬೇಕಾಗುತ್ತದೆ. ಅವನ ಕುಲುಮೆಯ ಬೆಂಕಿ ಉಳಿಯಬೇಕಾದರೆ ಹಾಗೆ ಹೋಗುವವರು ಬೇಕು.